5040ರ ಆಚೆ ಇನ್ನೊಂದು ಸಂಖ್ಯೆ ಇದೆಯೇ?

ಪೆನ್ಸಿಲೊಂದು, ಹಳೆಯ ಕ್ಯಾಲೆಂಡರಿನ ಹಿಂಬದಿಯೊಂದು ಸಾಕು. 12 ಎಂದು ಬರೆಯಿರಿ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು, ಅಂದರೆ ಅದರ ಅಪವರ್ತನಗಳು, 1, 2, 3, 4, 6 ಮತ್ತು 12. ಕೂಡಿದರೆ 28. ಶಾಲೆಯ ಮಕ್ಕಳು ಮಾಡುವ ಲೆಕ್ಕ ಇದು. ಒಂದೂವರೆ ಶತಮಾನದಿಂದ ಯಾರಿಗೂ ಬಗೆಹರಿಯದ ರೀಮನ್ ಊಹೆಯ ಬಾಗಿಲಿಗೆ ಇದೇ ಕೂಡುವ ಲೆಕ್ಕ ಹಿಡಿದು ನಡೆದುಹೋಗಬಹುದು ಎಂದು ಮೊದಲ ಸಲ ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಆ ದಾರಿಯ ಒಂದು ಮೈಲಿಗಲ್ಲು ನ್ಯೂಜಿಲೆಂಡಿನಲ್ಲಿದೆ.

ಆಕ್ಲೆಂಡಿನಿಂದ ದಕ್ಷಿಣಕ್ಕೆ ಸುಮಾರು 125 ಕಿಲೋಮೀಟರ್ ಹೋದರೆ ವೈಕಾಟೊ ನದಿಯ ದಂಡೆಯಲ್ಲಿ ಹ್ಯಾಮಿಲ್ಟನ್ ನಗರ. ಸುತ್ತ ಹಸು ಮೇಯುವ ಹುಲ್ಲುಗಾವಲು, ಹಾಲಿನ ಸೀಮೆ. 1964ರಲ್ಲಿ ಆರಂಭವಾದ ಅಲ್ಲಿನ ವೈಕಾಟೊ ವಿಶ್ವವಿದ್ಯಾಲಯದ ಗಣಿತಜ್ಞ ಕೆವಿನ್ ಬ್ರೌಘನ್ ರೀಮನ್ ಊಹೆಯ ಬಗ್ಗೆ ಮೂರು ದಪ್ಪ ಸಂಪುಟಗಳನ್ನು ಬರೆದವರು. ಅವುಗಳ ವಿಷಯ ನನ್ನನ್ನು ಬಹಳ ಸೆಳೆದಿದೆ. ಅಲ್ಲಿಗೆ ಹೋಗುವ ಮುಂಚೆ ಆ ಕೂಡುವ ಲೆಕ್ಕವನ್ನು ಮುಂದುವರಿಸಬೇಕು.

ಬರ್ನ್‌ಹಾರ್ಡ್ ರೀಮನ್ 1859ರಲ್ಲಿ ಅವಿಭಾಜ್ಯ ಸಂಖ್ಯೆಗಳ ಎಣಿಕೆಯ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ಅದರಲ್ಲಿ ಝೀಟಾ ಎಂಬ ಫಲನದ ಶೂನ್ಯಗಳೆಲ್ಲ, ಲೆಕ್ಕಕ್ಕೆ ಬಾರದ ಕೆಲವನ್ನು ಬಿಟ್ಟರೆ, ಒಂದೇ ನೇರ ಗೆರೆಯ ಮೇಲೆ ಕೂತಿವೆ ಎಂಬ ಊಹೆಯನ್ನು ಮುಂದಿಟ್ಟರು. ಸಾಧನೆ ಕೊಡಲಿಲ್ಲ. ಇದುವರೆಗೆ ಯಾರೂ ಕೊಟ್ಟಿಲ್ಲ. 2000ದಲ್ಲಿ ಕ್ಲೇ ಗಣಿತ ಸಂಸ್ಥೆ ಇದಕ್ಕೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಈ ಗೆರೆ, ಈ ಶೂನ್ಯ ನಮ್ಮಂಥವರ ಕೈಗೆ ಸುಲಭವಾಗಿ ಸಿಗುವ ವಸ್ತುಗಳಲ್ಲ. ಕೈಗೆ ಸಿಗುವ ರೂಪ ಕೊಟ್ಟವರು ಫ್ರಾನ್ಸಿನ ಗೀ ರೋಬಾಂ, 1984ರಲ್ಲಿ.

ರೋಬಾಂ ಅವರ ಲೆಕ್ಕದಲ್ಲಿ ಪ್ರತಿ ಸಂಖ್ಯೆಗೂ ಒಂದು ಮಿತಿ ಇದೆ. ಸಂಖ್ಯೆಯ ಸ್ವಾಭಾವಿಕ ಲಾಗರಿಥಮ್ ತೆಗೆಯಿರಿ, ಬಂದ ಉತ್ತರದ ಲಾಗರಿಥಮ್ಮನ್ನು ಇನ್ನೊಮ್ಮೆ ತೆಗೆಯಿರಿ. ಅದನ್ನು ಮೂಲ ಸಂಖ್ಯೆಯಿಂದ ಗುಣಿಸಿ, ಆಮೇಲೆ ಸುಮಾರು 1.781ರಿಂದ ಗುಣಿಸಿ. ಅಪವರ್ತನಗಳ ಮೊತ್ತ ಈ ಮಿತಿಯೊಳಗೆ ಇರಬೇಕು. (1.781 ಹುಟ್ಟುವುದು ಆಯ್ಲರನ ಸ್ಥಿರಾಂಕ ಗ್ಯಾಮಾದಿಂದ. ಅದರ ಬೆಲೆ ಸುಮಾರು 0.5772. ಈ ಗ್ಯಾಮಾವನ್ನು ಭಿನ್ನರಾಶಿಯಾಗಿ ಬರೆಯಲು ಸಾಧ್ಯವೇ ಎಂಬುದೂ ಇಂದಿಗೂ ಯಾರಿಗೂ ತಿಳಿಯದು. ಒಂದು ಒಗಟಿನ ಹೊಟ್ಟೆಯಲ್ಲಿ ಇನ್ನೊಂದು ಒಗಟು.)

12ಕ್ಕೆ ಮಿತಿ ಹತ್ತೊಂಬತ್ತೂವರೆಗೂ ಕಡಿಮೆ, ಮೊತ್ತ 28. ಮಿತಿ ಮೀರಿತು. ಚಿಕ್ಕ ಸಂಖ್ಯೆಗಳಲ್ಲಿ ಇಂಥವು 27 ಇವೆ: 2, 3, 4, 5, 6ರಿಂದ ಶುರುವಾಗಿ 360, 720, 840, 2520, ಕೊನೆಗೆ 5040. ಆ ಕೊನೆಯದನ್ನು ನಾನು ಕೈಯಲ್ಲೇ ಮಾಡಿ ನೋಡಿದೆ. 5040ಕ್ಕೆ 60 ಅಪವರ್ತನಗಳು, ಒಂದರಿಂದ ಹತ್ತರವರೆಗಿನ ಎಲ್ಲ ಮಗ್ಗಿಯಲ್ಲೂ ಅದು ಬರುತ್ತದೆ. ತನ್ನ ಆದರ್ಶ ನಗರಕ್ಕೆ 5040 ಮನೆತನ ಇರಲಿ, ಹೇಗೆ ಬೇಕಾದರೂ ಹಂಚಬಹುದು ಎಂದು ಪ್ಲೇಟೊ ಬಯಸಿದ್ದು ಇದೇ ಗುಣಕ್ಕಾಗಿ. ಅಪವರ್ತನಗಳ ಮೊತ್ತ 19,344. ಮಿತಿ ಸುಮಾರು 19,237. ನೂರರ ಆಸುಪಾಸಿನಲ್ಲಿ ಗೆರೆ ದಾಟಿತು. ಅದನ್ನೇ ಇಮ್ಮಡಿಸಿ 10,080 ತೆಗೆದುಕೊಂಡರೆ ಮೊತ್ತ 39,312, ಮಿತಿ 39,877. ಒಳಗೇ ಉಳಿಯಿತು.

5040ರ ಆಚೆ ಮಿತಿ ಮೀರುವ ಒಂದು ಸಂಖ್ಯೆಯೂ ಇಲ್ಲ ಎಂದು ಸಾಧಿಸಿದರೆ ರೀಮನ್ ಊಹೆ ನಿಜವಾಗುತ್ತದೆ. ಊಹೆ ಸುಳ್ಳಾದರೆ ಅಂಥ ಸಂಖ್ಯೆಗಳು ಅನಂತವಾಗಿ ಇದ್ದೇ ತೀರುತ್ತವೆ. ಇದೇ ರೋಬಾಂ ತೋರಿಸಿಕೊಟ್ಟದ್ದು.

ಈ ಮಿತಿಯ ಹತ್ತಿರ ಅವರಿಗಿಂತ ಬಹಳ ಮುಂಚೆ ಬಂದಿದ್ದವರು ನಮ್ಮ ರಾಮಾನುಜನ್. ತನಗಿಂತ ಚಿಕ್ಕ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಅಪವರ್ತನಗಳುಳ್ಳ ಸಂಖ್ಯೆಗಳ ಬಗ್ಗೆ ಅವರು 1915ರಲ್ಲಿ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘ ಪ್ರಬಂಧ ಪ್ರಕಟಿಸಿದರು. 5040 ಅಂಥ ಸಂಖ್ಯೆಗಳಲ್ಲೊಂದು. ಯುದ್ಧದ ದಿನಗಳು, ಸೊಸೈಟಿಯ ಕೈಯಲ್ಲಿ ಹಣವಿರಲಿಲ್ಲ. ಪ್ರಬಂಧದ ಒಂದು ಭಾಗ ಅಚ್ಚಾಗದೆ ಉಳಿಯಿತು. ಅದನ್ನು ಜಾಂ-ಲೂಯಿ ನಿಕೊಲಾ ಮತ್ತು ರೋಬಾಂ ಟಿಪ್ಪಣಿಗಳೊಂದಿಗೆ 1997ರಲ್ಲಿ ಹೊರತಂದರು. ರೀಮನ್ ಊಹೆ ನಿಜವೆಂದಿಟ್ಟುಕೊಂಡರೆ ಸಾಕಷ್ಟು ದೊಡ್ಡ ಸಂಖ್ಯೆಗಳೆಲ್ಲ ಈ ಮಿತಿಯೊಳಗೇ ಇರಬೇಕೆಂಬುದು ಆ ಹಾಳೆಗಳಿಂದ ಹೊರಡುತ್ತದೆ. ಕಾಗದದ ಖರ್ಚಿಗಾಗಿ ದಶಕಗಳ ಕಾಲ ಕತ್ತಲಲ್ಲಿ ಬಿದ್ದಿದ್ದ ಹಾಳೆಗಳು ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎಲ್ಲ ಸಂಖ್ಯೆಗಳನ್ನೂ ಒಟ್ಟಿಗೆ ಗೆಲ್ಲಲಾಗದಿದ್ದಾಗ ಒಂದೊಂದೇ ಗುಂಪನ್ನು ಹಿಡಿದು ಮಿತಿಯೊಳಗಿದೆಯೆಂದು ತೋರಿಸುವ ಕೆಲಸ ಶುರುವಾಯಿತು. 2007ರಲ್ಲಿ ನಾಲ್ವರು ಸೇರಿ ಬೆಸ ಸಂಖ್ಯೆಗಳನ್ನೆಲ್ಲ, 3, 5, 9 ಹೊರತು, ಆತಂಕದಿಂದ ಬಿಡಿಸಿದರು. ಯಾವ ಅವಿಭಾಜ್ಯ ಸಂಖ್ಯೆಯ ಐದನೇ ಘಾತದಿಂದಲೂ ಭಾಗವಾಗದ ದೊಡ್ಡ ಸಂಖ್ಯೆಗಳೂ ಕ್ಷೇಮ ಎಂದರು. 2012ರಲ್ಲಿ ಪ್ಯಾಟ್ರಿಕ್ ಸೋಲೆ, ಮಿಷೆಲ್ ಪ್ಲಾನಾ ಅದನ್ನು ಏಳನೇ ಘಾತಕ್ಕೆ ಏರಿಸಿದರು. 2015ರಲ್ಲಿ ಹ್ಯಾಮಿಲ್ಟನ್ನಿನ ಬ್ರೌಘನ್, ಕ್ಯಾನ್‌ಬೆರಾದ ಟಿಮ್ ಟ್ರಡ್ಜಿಯನ್ ಜತೆಗೂಡಿ, ಹನ್ನೊಂದಕ್ಕೆ ಮುಟ್ಟಿಸಿದರು. ಆಮೇಲೆ ಥಾಮಸ್ ಮೋರಿಲ್, ಡೇವಿಡ್ ಪ್ಲಾಟ್ ಇಪ್ಪತ್ತಕ್ಕೆ ಒಯ್ದರು.

ಇಲ್ಲಿ ಸ್ವಲ್ಪ ನಿಂತು ಎಣಿಸಿ ನೋಡಬೇಕು. 2ರ ಹನ್ನೊಂದನೇ ಘಾತ 2048. 2048ರಿಂದಾಗಲಿ, 3ರದ್ದೋ 5ರದ್ದೋ ಹನ್ನೊಂದನೇ ಘಾತದಿಂದಾಗಲಿ ಭಾಗವಾಗುವ ಸಂಖ್ಯೆಗಳು ಎಷ್ಟು ಸಿಕ್ಕಾವು? ಹತ್ತು ಸಾವಿರಕ್ಕೆ ಸುಮಾರು ಐದು. ಉಳಿದ 9,995ನ್ನೂ ವೈಕಾಟೊದ ಪ್ರಬಂಧ ಕ್ಷೇಮದ ದಡಕ್ಕೆ ಸೇರಿಸಿತು. ಇಪ್ಪತ್ತರ ಲೆಕ್ಕದಲ್ಲಾದರೆ ಹತ್ತು ಲಕ್ಷಕ್ಕೆ ಒಂದೇ ಒಂದು ಹೊರಗುಳಿಯುತ್ತದೆ. ಕೇಳಿದವರಿಗೆ ಕೆಲಸ ಮುಗಿದೇ ಹೋಯಿತು ಅನಿಸಬೇಕು. ಆದರೆ ಮಿತಿ ಮೀರುವ ಅಪಾಯವೆಲ್ಲ ಇರುವುದು ಆ ಹೊರಗುಳಿದವುಗಳಲ್ಲೇ. ಅಪವರ್ತನಗಳ ಮೊತ್ತ ಉಬ್ಬಬೇಕಾದರೆ ಸಂಖ್ಯೆ 2, 3, 5, 7ರಂಥ ಚಿಕ್ಕ ಅವಿಭಾಜ್ಯಗಳನ್ನು ಮತ್ತೆ ಮತ್ತೆ ಒಳಗೆ ತುಂಬಿಕೊಳ್ಳಬೇಕು. ಸಂಖ್ಯೆ ದೊಡ್ಡದಾದಷ್ಟೂ 2ರ ಘಾತ ಏರುತ್ತದೆ. ಜರಡಿ ಹಿಡಿದು ಹೊಟ್ಟನ್ನೆಲ್ಲ ತೂರಿದ ಮೇಲೆ ಉಳಿಯುವ ನಾಲ್ಕು ಗಟ್ಟಿ ಕಾಳುಗಳಂತೆ ಅವು. ಒಡೆಯಬೇಕಾದದ್ದು ಅವನ್ನೇ.

ಬಹುಪಾಲು ಗೆದ್ದರೂ ಕೊನೆಯ ಕಾಳು ಒಡೆಯದೆ ಉಳಿಯುವ ಇಂಥ ನೋವು ಮಂಡ್ಯದಲ್ಲಿ ಹುಟ್ಟಿದ ಕೆ. ರಾಮಚಂದ್ರ (1933–2011) ಅವರ ಕೆಲಸದಲ್ಲೂ ಕಾಣುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಝೀಟಾ ಫಲನವನ್ನೇ ಧ್ಯಾನಿಸಿದವರು ಅವರು. 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಜತೆ ಹಾರ್ಡಿ–ರಾಮಾನುಜನ್ ಹೆಸರಿನ ಪತ್ರಿಕೆ ಕಟ್ಟಿದರು. 2, 3, 5 ಈ ಮೂರಕ್ಕೂ ಒಂದೇ ಧನ ಘಾತಾಂಕ ಏರಿಸಿದಾಗ ಮೂರೂ ಪೂರ್ಣಾಂಕ ಬಂದರೆ ಆ ಘಾತಾಂಕವೂ ಪೂರ್ಣಾಂಕವೇ ಆಗಿರಬೇಕು. ಸರ್ಜ್ ಲ್ಯಾಂಗ್ ಮತ್ತು ರಾಮಚಂದ್ರ 1960ರ ದಶಕದಲ್ಲಿ ಬೇರೆ ಬೇರೆಯಾಗಿ ಸಾಧಿಸಿದ ಪ್ರಮೇಯದಿಂದ ಇದು ಸಿಗುತ್ತದೆ. 5ನ್ನು ಕೈಬಿಟ್ಟು ಬರೀ 2 ಮತ್ತು 3 ಇಟ್ಟುಕೊಂಡರೆ? ಉತ್ತರ ಹೌದೆಂದೇ ಎಲ್ಲರ ನಂಬಿಕೆ. ಸಾಧನೆ ಇಲ್ಲ.

ಬ್ರೌಘನ್ ಅವರ ಪುಸ್ತಕಗಳಿಗೆ ಬರುತ್ತೇನೆ. 2017ರಲ್ಲಿ ಕೇಂಬ್ರಿಜ್ ಪ್ರಕಟಿಸಿದ ಮೊದಲ ಎರಡು ಸಂಪುಟಗಳಲ್ಲಿ ಅವರು ರೀಮನ್ ಊಹೆಗೆ ಸಮನಾದ ಹೇಳಿಕೆಗಳನ್ನು, ಅಂದರೆ ಒಂದನ್ನು ಸಾಧಿಸಿದರೆ ಇನ್ನೊಂದೂ ಸಿಗುವಂಥವನ್ನು, ಹುಡುಕಿ ಒಂದೆಡೆ ತಂದಿದ್ದಾರೆ. ಒಂದು ಸಂಪುಟಕ್ಕೆ ಅಂಕಗಣಿತದ ಕಡೆಯವು, ಇನ್ನೊಂದಕ್ಕೆ ವಿಶ್ಲೇಷಣೆಯ ಕಡೆಯವು. ಓದುವವರು ತಾವೇ ಲೆಕ್ಕ ಹಾಕಿ ನೋಡಲೆಂದು ತಂತ್ರಾಂಶವೂ ಜತೆಗಿದೆ. ತಾನೊಂದು ಸಾಧನೆ ಕೊಟ್ಟೆನೆಂದು ಹೇಳಿಕೊಳ್ಳುವ ಉತ್ಸಾಹಿಗಳು ಈ ಕ್ಷೇತ್ರದಲ್ಲಿ ಪ್ರತಿ ವರ್ಷ ಬರುತ್ತಾರೆ. ಬಾಗಿಲುಗಳನ್ನೆಲ್ಲ ಎಣಿಸಿ, ಯಾವ ಬಾಗಿಲ ಚಿಲಕ ಎಷ್ಟು ಸಡಿಲವಾಗಿದೆ ಎಂದು ಮುಂದಿನವರಿಗಾಗಿ ಬರೆದಿಡುವವರು ವಿರಳ. ನನ್ನ ಮಟ್ಟಿಗೆ ಆ ಕೆಲಸದ ತೂಕ ಹೆಚ್ಚು.

ಈಗ ಎಲ್ಲಿಗೆ ಬಂದಿದ್ದೇವೆ? ಝೀಟಾದ ಶೂನ್ಯಗಳ ಕಡೆಯಿಂದ ಪ್ಲಾಟ್ ಮತ್ತು ಅದೇ ಟ್ರಡ್ಜಿಯನ್ 2021ರಲ್ಲಿ ಮೂರು ಲಕ್ಷ ಕೋಟಿ ಎತ್ತರದವರೆಗೆ ಎಲ್ಲ ಶೂನ್ಯಗಳೂ ಗೆರೆಯ ಮೇಲೇ ಇವೆಯೆಂದು ಪ್ರಕಟಿಸಿದರು. ಅಪವರ್ತನಗಳ ಕಡೆಯಿಂದ, 5040ರ ಆಚೆ ಮಿತಿ ಮೀರುವ ಸಂಖ್ಯೆ ಇದ್ದರೆ ಅದನ್ನು ಬರೆಯಲು ಹತ್ತು ಲಕ್ಷ ಕೋಟಿಗೂ ಹೆಚ್ಚು ಅಂಕಿಗಳು ಬೇಕು. ಅಂಥವುಗಳಲ್ಲಿ ಮೊದಲನೆಯದು ಸಮಸಂಖ್ಯೆ ಮಾತ್ರವಲ್ಲ, 2ರ ಇಪ್ಪತ್ತನೇ ಘಾತವಾದ 10,48,576ರಿಂದಲೂ ಭಾಗವಾಗಬೇಕು. ಅದರ ಚಹರೆ ಇಷ್ಟು ಗೊತ್ತಾಗಿದೆ. ಅದು ಇದೆಯೋ ಇಲ್ಲವೋ ಗೊತ್ತಿಲ್ಲ.