ಬಾಗಿದ ಬೆನ್ನು ಮತ್ತು ಉಸಿರು

ನಮ್ಮ ಕಾರ್ಗಲ್ ಸೀಮೆಯಲ್ಲಿ ಅಡಕೆಯ ಕೊಯ್ಲು ಬಂದಿತೆಂದರೆ ಹೆಂಗಸರಿಗೆ ಬಿಡುವೆಂಬುದಿಲ್ಲ. ಮೆಟ್ಟುಗತ್ತಿಯ ಮುಂದೆ ತಲೆ ಬಗ್ಗಿಸಿ ಕುಳಿತು ರಾತ್ರಿ ಬಹಳ ಹೊತ್ತಿನವರೆಗೆ ಅಡಕೆ ಸುಲಿಯುವವರನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ಸುಲಿಯುವ ಯಂತ್ರಗಳು ಬಂದಿದ್ದರೂ ಬಗ್ಗಿ ಮಾಡುವ ಕೆಲಸ ಮುಗಿದಿಲ್ಲ. ಪುಸ್ತಕದ ಮೇಲೂ ಮೊಬೈಲಿನ ಮೇಲೂ ಬಗ್ಗಿರುವ ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. ಬೆನ್ನು ಗೂನಾದ ಹಿರಿಯರು ಏರು ಹತ್ತುವಾಗ ಏದುಸಿರು ಬಿಡುವುದುಂಟು. ಬೆನ್ನಿಗೂ ಉಸಿರಿಗೂ ಏನು ನಂಟು? ಕೈಯಿಂದ ನೀವಿ ಒತ್ತಿದರೆ ಬೆನ್ನು ನೆಟ್ಟಗಾದೀತೆ? ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಎದೆಗೂಡಿನ ಹಿಂಭಾಗದಲ್ಲಿ 12 ಬೆನ್ನೆಲುಬಿನ ಮಣಿಗಳಿವೆ. ಅವುಗಳಿಗೆ 12 ಜೊತೆ ಪಕ್ಕೆಲುಬುಗಳು ಕೀಲಿನಂತೆ ಕೂಡಿಕೊಂಡಿವೆ. ಉಸಿರು ಎಳೆದಾಗ ಕೆಳಗಿನ ಪಕ್ಕೆಲುಬುಗಳು ಕೊಡದ ಹಿಡಿಯಂತೆ ಪಕ್ಕಕ್ಕೆ ಮೇಲೇಳುತ್ತವೆ. ವಪೆಯು ಹೊಟ್ಟೆಯ ಕಡೆಗೆ ಇಳಿಯುತ್ತದೆ. ನಿಮಿಷಕ್ಕೆ 15ರಂತೆ ಎಣಿಸಿದರೆ ದಿನಕ್ಕೆ 21,600 ಉಸಿರು. ನಮ್ಮ ಯೋಗಶಾಸ್ತ್ರದವರು ಹೇಳಿದ ಲೆಕ್ಕವೂ ಇದೇ. ಬೆನ್ನು ಬಾಗಿದರೆ ಪಕ್ಕೆಲುಬುಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ, ವಪೆಗೆ ಇಳಿಯಲು ಎಡೆ ಸಾಲದು. ವಾಚಕರು ಇದನ್ನು ಈಗಲೇ ಪರೀಕ್ಷಿಸಬಹುದು. ಒಮ್ಮೆ ಕುಗ್ಗಿ ಕುಳಿತು, ಇನ್ನೊಮ್ಮೆ ನೆಟ್ಟಗೆ ಕುಳಿತು, ದೀರ್ಘವಾಗಿ ಉಸಿರೆಳೆದು ನೋಡಿ.

ಗೂನಿನಲ್ಲಿ ಎರಡು ಬಗೆ. ಮೊದಲನೆಯದು ಅಭ್ಯಾಸದ ಗೂನು. ಎದೆಯ ಸ್ನಾಯುಗಳು ಬಿಗಿದು, ಬೆನ್ನಿನವು ಸೋತು ಆಗುವಂಥದು. ಅಂಗಾತ ಮಲಗಿದರೆ ಸಾಮಾನ್ಯವಾಗಿ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಎರಡನೆಯದು ಮೂಳೆಯ ಗೂನು. ಮುಪ್ಪಿನಲ್ಲಿ ಟೊಳ್ಳಾದ ಮಣಿ ಮುಂಭಾಗದಲ್ಲಿ ಕುಸಿದು ಬೆಣೆಯಾಕಾರ ತಾಳಬಹುದು. ಕ್ಷಯರೋಗವು ಬೆನ್ನೆಲುಬನ್ನು ತಿನ್ನಬಹುದು. ಈ ಕ್ಷಯದ ಗೂನನ್ನು 1779ರಲ್ಲಿ ವರ್ಣಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್‌ರ ಹೆಸರಿನಿಂದಲೇ ವೈದ್ಯರು ಅದನ್ನು ಕರೆಯುತ್ತಾರೆ.

ಇನ್ನು ಕೈಯ ಚಿಕಿತ್ಸೆ. ಫಿಸಿಯೋಥೆರಪಿ ಬಲ್ಲವರು ಮೊದಲು ಎದೆಯ, ಕತ್ತಿನ ಬಿಗಿದ ಸ್ನಾಯುಗಳನ್ನು ನೀವಿ ಸಡಿಲಿಸುತ್ತಾರೆ. ಬಳಿಕ ಪಕ್ಕೆಲುಬುಗಳ ಮೇಲೆ ಅಂಗೈಯಿಟ್ಟು, ರೋಗಿ ಉಸಿರು ಬಿಡುವಾಗ ಮೆಲ್ಲನೆ ಜೊತೆಗೂಡಿ ಒತ್ತಿ, ಎಳೆದುಕೊಳ್ಳುವಾಗ ಬಿಡುತ್ತಾರೆ. ಆ ಕೈಯನ್ನು ಪಕ್ಕೆಗಳಿಂದ ಹೊರಕ್ಕೆ ತಳ್ಳುವಂತೆ ಉಸಿರೆಳೆಯುವುದನ್ನು ರೋಗಿಗೆ ಕಲಿಸುತ್ತಾರೆ. ಸುರುಳಿ ಸುತ್ತಿದ ಟವೆಲನ್ನು ಬೆನ್ನಿನಡಿ ಇಟ್ಟು ಮಲಗಿಸುವುದೂ ಉಂಟು. ಕೈ ದಾರಿ ತೆರೆಯುತ್ತದೆ. ಆ ದಾರಿಯನ್ನು ಉಳಿಸಿಕೊಳ್ಳುವುದು ದಿನದಿನದ ವ್ಯಾಯಾಮ. ಬೆನ್ನಿನ ಸ್ನಾಯು ಬಲಿಯದೆ ಬರಿಯ ನೀವುವಿಕೆಯಿಂದ ಸಿಕ್ಕ ಸುಖ ಬಹುಕಾಲ ನಿಲ್ಲದು.

ಇದಕ್ಕೆ ಹತ್ತಿರದ ನಿದರ್ಶನ ನಮ್ಮ ನಾಡಿನಲ್ಲೇ ಇದೆ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಕ್ಷಯವೇ ಮೊದಲಾದ ರೋಗಗಳಿಂದ ಬಳಲಿದವರು. ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತು, ಮುಂದೆ ಹಗ್ಗ, ಕುರ್ಚಿ, ದಿಂಬುಗಳ ಆಸರೆಯಿಂದ ಅಶಕ್ತರೂ ಎದೆ ತೆರೆಯುವ ಕ್ರಮವನ್ನು ರೂಢಿಗೆ ತಂದರು. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ 118 ಮಂದಿ ಗೂನುಬೆನ್ನಿನ ಹಿರಿಯರು ಪಾಲ್ಗೊಂಡಿದ್ದರು. ಆರು ತಿಂಗಳು ಯೋಗ ಮಾಡಿದವರ ಬೆನ್ನಿನ ಬಾಗು ತುಸು ಇಳಿಯಿತು. ತುಸುವೇ, ಪವಾಡವಲ್ಲ.

ಆದುದರಿಂದ ಒಂದು ಎಚ್ಚರಿಕೆ ಅಗತ್ಯ. ಟೊಳ್ಳಾದ ಅಥವಾ ಕ್ಷಯ ಹಿಡಿದ ಮೂಳೆಯ ಮೇಲೆ ಮಂಡಿಯೂರಿ ಒತ್ತಿಸುವುದು, "ಲಟಕ್" ಎನಿಸುವುದು ಅಪಾಯಕರ. ಮಣಿ ಮುರಿದೀತು, ಕಾಲಿನ ಸ್ವಾಧೀನವೇ ತಪ್ಪೀತು. ಸಂಜೆಯ ಜ್ವರ, ತೂಕದ ಇಳಿತ, ಎತ್ತರ ಕುಗ್ಗುವಿಕೆ, ಥಟ್ಟನೆ ಹುಟ್ಟಿದ ಬೆನ್ನುನೋವು, ಕಾಲಿನ ಜೋಮು — ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರನ್ನು ಕಾಣಬೇಕು. ನೀವಿಸುವುದು ಆಮೇಲಿನ ಮಾತು. ಕ್ಷಯಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತವಾಗಿಯೇ ದೊರೆಯುತ್ತದೆ.

ಗೂನನ್ನು ಹಣೆಬರಹವೆಂದು ಕೈಬಿಡುವುದೂ ತಪ್ಪು, ಬಲವಂತವಾಗಿ ತಿದ್ದಹೊರಡುವುದೂ ತಪ್ಪು. ಬಾಗಿದ ಮೂಳೆ ನೆಟ್ಟಗಾಗದಿದ್ದರೂ ಅದರ ಸುತ್ತಲಿನ ಪಕ್ಕೆಗಳನ್ನು ಸಡಿಲಗೊಳಿಸಿ ಉಸಿರಿಗೆ ಎಡೆ ಮಾಡಿಕೊಡಬಹುದು. ಸುಲಿಯುವ ಕೆಲಸದ ನಡುವೆ ಗಂಟೆಗೊಮ್ಮೆ ಎದ್ದು, ಕೈಗಳನ್ನು ಮೇಲೆತ್ತಿ ಹತ್ತು ದೀರ್ಘ ಉಸಿರು ಎಳೆಯುವುದಕ್ಕೆ ಖರ್ಚೇನೂ ಇಲ್ಲ. ರಜೆಯಲ್ಲಿ ಊರಿಗೆ ಹೋದಾಗ ನಮ್ಮ ನಮ್ಮ ಮನೆಯ ಹಿರಿಯರಿಗೆ ಇಷ್ಟನ್ನಾದರೂ ಹೇಳೋಣ.