ಕೆಂಗಣ್ಣು: ಚೀನೀ ವೈದ್ಯಪದ್ಧತಿ ಅದನ್ನು ಕಾಣುವ ಬಗೆ

(ಪೊರಿರುವಾದಲ್ಲಿ ಸೇರಿದ್ದ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಕಣ್ಣು ಕೆಂಪಾಗುವಂಥ ಸಾಮಾನ್ಯ ತೊಂದರೆಯನ್ನು ಉಪನ್ಯಾಸದ ವಿಷಯವಾಗಿ ಆರಿಸಿಕೊಂಡದ್ದಕ್ಕೆ ಈ ಊರೇ ಕಾರಣ. ವೆಲ್ಲಿಂಗ್ಟನ್ ಸೀಮೆಯ ಗಾಳಿಯ ವಿಚಾರ ತಮಗೆ ಹೇಳಬೇಕಾದುದಿಲ್ಲ. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಆ ಗಾಳಿಯೊಡನೆ ರೈ ಹುಲ್ಲಿನ ಪರಾಗ ಸೇರುತ್ತದೆ. ಅದರ ಮೇಲೆ ಈ ದೇಶದ ಬೇಸಿಗೆಯ ಬಿಸಿಲು. ಉತ್ತರಾರ್ಧ ಗೋಳದ ಇದೇ ಅಕ್ಷಾಂಶದ ನಾಡುಗಳಿಗಿಂತ ಇಲ್ಲಿ ಅತಿನೇರಳೆ ಕಿರಣಗಳ ತೀವ್ರತೆ ಹೆಚ್ಚು. ಕಣ್ಣು ಉರಿಯಲು, ಕೆಂಪೇರಲು ಇದಕ್ಕಿಂತ ಬೇರೇನು ಬೇಕು?

ಮತ್ತೊಂದು ಕಾರಣವೂ ಉಂಟು. ಮಕ್ಕಳನ್ನೂ ಮೊಮ್ಮಕ್ಕಳನ್ನೂ ನೋಡಲು ಊರಿನಿಂದ ಬರುವ ತಂದೆತಾಯಿಯರು ಸಂದರ್ಶಕರ ವೀಸಾದಲ್ಲಿರುತ್ತಾರೆ. ಸರ್ಕಾರಿ ವೆಚ್ಚದ ವೈದ್ಯಸೇವೆ ಅವರಿಗಿಲ್ಲ. ಕಣ್ಣು ಕೆಂಪಾದರೆ, ಮಗನಿಗೇಕೆ ಖರ್ಚು ಎಂದು ಅವರು ಬಾಯಿ ಬಿಡುವುದಿಲ್ಲ. ಆಗ ಯಾರಾದರೊಬ್ಬರು ಚೀನೀ ಅಂಗಡಿಯಿಂದ ಒಂದು ಪೊಟ್ಟಣ ಮೂಲಿಕೆ ತಂದುಕೊಡುತ್ತಾರೆ. “ಅದೂ ನಮ್ಮ ಆಯುರ್ವೇದದ ಹಾಗೆಯೇ ಅಲ್ಲವೇ, ಕೆಡುಕೇನು?” ಎಂಬ ಪ್ರಶ್ನೆ ನನಗೆ ಅನೇಕ ಸಲ ಎದುರಾಗಿದೆ. ಮೊದಲನೆಯ ಮಾತು ಬಹುಮಟ್ಟಿಗೆ ನಿಜ. ಎರಡನೆಯದು ಯಾವ ಕೆಂಗಣ್ಣು ಎಂಬುದನ್ನು ಅವಲಂಬಿಸಿದೆ.

ಕಣ್ಣಿನ ಬಿಳಿಯ ಭಾಗದ ಮೇಲೆ ಒಂದು ತೆಳುಪೊರೆಯಿದೆ. ಅದರ ಸೂಕ್ಷ್ಮ ರಕ್ತನಾಳಗಳು ಹಿಗ್ಗಿದಾಗ ಕಣ್ಣು ಕೆಂಪಾಗುತ್ತದೆ. ಹಿಗ್ಗಿದ್ದೇಕೆ ಎಂಬುದಕ್ಕೆ ಉತ್ತರಗಳು ಹತ್ತಾರು. ವೈದ್ಯಪದ್ಧತಿಗಳು ಬೇರೆಬೇರೆಯಾಗುವುದು ಇಲ್ಲಿಯೇ.

ಚೀನೀ ವೈದ್ಯರು ಮೊದಲು ಹೆಸರಿಸುವ ಶತ್ರು ಗಾಳಿ. ದೇಹದ ಹೊರಗಿನಿಂದ ಬಂದು ಮೈಯ ಮೇಲುಭಾಗವನ್ನು, ಅದರಲ್ಲೂ ತಲೆ ಮತ್ತು ಮುಖವನ್ನು, ಥಟ್ಟನೆ ಹಿಡಿಯುವ ರೋಗಗಳನ್ನೆಲ್ಲ ಅವರು ಗಾಳಿಯ ಲೆಕ್ಕಕ್ಕೆ ಬರೆಯುತ್ತಾರೆ. ಗಾಳಿ ಒಂಟಿಯಾಗಿ ಬರುವುದು ಕಡಿಮೆ. ಉಷ್ಣವನ್ನೋ ಶೀತವನ್ನೋ ಹೊತ್ತು ತರುತ್ತದೆ. ಗಾಳಿಯೂ ಉಷ್ಣವೂ ಕೂಡಿದಾಗ ಕಣ್ಣು ಕೆಂಪಾಗಿ, ತುರಿಸಿ, ಗೀಜು ಕಟ್ಟುತ್ತದೆ. ಊರಿಗೆ ಊರೇ ಒಮ್ಮೆಗೆ ಹಿಡಿದರೆ ಅದಕ್ಕೆ ಬೇರೆಯೇ ಹೆಸರು. ಸುಮಾರಾಗಿ “ಆಕಾಶದಲ್ಲಿ ಸಂಚರಿಸುವ ಕೆಂಗಣ್ಣು” ಎಂದು ಅರ್ಥ ಹೇಳಬಹುದು. ಇದು ನಮ್ಮ ಮದ್ರಾಸ್ ಐ ಅಲ್ಲದೆ ಮತ್ತೇನೂ ಅಲ್ಲ. ರೋಗಾಣುವಿನ ಕಲ್ಪನೆಯಿಲ್ಲದ ಕಾಲದಲ್ಲಿ ಸಾಂಕ್ರಾಮಿಕ ಕಣ್ಣುಬೇನೆಯನ್ನು ಪ್ರತ್ಯೇಕವಾಗಿ ಗುರುತಿಸಿದ್ದು ಸಣ್ಣ ಮಾತಲ್ಲ. ಕಣ್ಣುಬೇನೆ ಬಂದವರ ಮುಖ ನೋಡಿದರೆ ಸಾಕು, ತಮಗೂ ಅಂಟುತ್ತದೆಂದು ನಮ್ಮಲ್ಲಿ ಇಂದಿಗೂ ನಂಬುವವರಿದ್ದಾರೆ. ನೋಟದಿಂದ ಅಂಟುವುದಿಲ್ಲ, ಕೈಯಿಂದ, ಟವೆಲಿನಿಂದ, ದಿಂಬಿನ ಚೀಲದಿಂದ ಅಂಟುತ್ತದೆ.

ಎರಡನೆಯ ಶತ್ರು ಒಳಗಿನದು. ಚೀನೀ ಶಾಸ್ತ್ರದಂತೆ ಯಕೃತ್ತು ಕಣ್ಣಿನಲ್ಲಿ ತೆರೆದುಕೊಳ್ಳುತ್ತದೆ. ಸಿಟ್ಟು, ನಿದ್ರೆಗೇಡು, ಮದ್ಯ ಇವುಗಳಿಂದ ಯಕೃತ್ತಿನಲ್ಲಿ ಬೆಂಕಿ ಎದ್ದು ಮೇಲಕ್ಕೇರಿದಾಗ ಕಣ್ಣು ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಬಾಯಿ ಕಹಿಯಾಗುತ್ತದೆ. ಕೋಪಗೊಂಡವನನ್ನು ಕೆಂಗಣ್ಣು ಬಿಟ್ಟನೆನ್ನುವ ಕನ್ನಡಿಗನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅವರು ಹೇಳುವ ಯಕೃತ್ತು ಶವಚ್ಛೇದನದಲ್ಲಿ ಕಾಣುವ ಅಂಗವಷ್ಟೇ ಅಲ್ಲ, ಒಂದು ಕಾರ್ಯಸಮೂಹಕ್ಕೆ ಇಟ್ಟ ಹೆಸರು ಎಂಬುದನ್ನು ಮಾತ್ರ ನೆನಪಿಡಬೇಕು. ಇದನ್ನು ತಿಳಿಯದೆ, ಲಿವರ್ ಪರೀಕ್ಷೆ ಮಾಡಿಸಲು ಓಡಿದವರುಂಟು.

ಇನ್ನು ಕಣ್ಣಿನ ಭಾಗಗಳನ್ನು ಅವರು ಐದು ಚಕ್ರಗಳಾಗಿ ವಿಂಗಡಿಸುತ್ತಾರೆ. ರೆಪ್ಪೆ ಪ್ಲೀಹದ್ದು, ಕಣ್ಣಿನ ಮೂಲೆಗಳು ಹೃದಯದವು, ಬಿಳಿಯ ಭಾಗ ಶ್ವಾಸಕೋಶದ್ದು, ಕರಿಯ ಭಾಗ ಯಕೃತ್ತಿನದು, ನಡುವಿನ ಪಾಪೆ ಮೂತ್ರಪಿಂಡದ್ದು. ಕೆಂಪು ಎಲ್ಲಿ ಮೊದಲು ಮೂಡಿತೆಂದು ನೋಡಿ ವೈದ್ಯನು ಯಾವ ಅಂಗವನ್ನು ತಣಿಸಬೇಕೆಂದು ನಿರ್ಧರಿಸುತ್ತಾನೆ. ಸುಶ್ರುತಸಂಹಿತೆಯ ಉತ್ತರತಂತ್ರವನ್ನು ಓದಿದವರಿಗೆ ಇಲ್ಲಿ ಒಂದು ಪರಿಚಿತ ಧ್ವನಿ ಕೇಳಿಸದಿರದು. ಸುಶ್ರುತನೂ ಕಣ್ಣನ್ನು ಪಕ್ಷ್ಮ, ವರ್ತ್ಮ, ಶ್ವೇತ, ಕೃಷ್ಣ, ದೃಷ್ಟಿ ಎಂದು ಐದು ಮಂಡಲಗಳಾಗಿ ವಿಂಗಡಿಸಿದ್ದಾನೆ. ಅಲ್ಲಿ ಚಕ್ರ, ಇಲ್ಲಿ ಮಂಡಲ. ಹೋಲಿಕೆ ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಹೀಗೆನ್ನಲು ಇತಿಹಾಸದ ಆಧಾರವೂ ಇದೆ. ತಾಂಗ್ ರಾಜವಂಶದ ಕಾಲದಲ್ಲಿ ಭಾರತದಿಂದ ಹೋದ ನೇತ್ರವೈದ್ಯರು ಚೀನಾದಲ್ಲಿ ಹೆಸರಾಗಿದ್ದರು. ಲಿಯು ಯುಷಿ ಎಂಬ ಪ್ರಸಿದ್ಧ ಕವಿ, ಕಣ್ಣಿನ ಚಿಕಿತ್ಸೆ ಬಲ್ಲ ಬ್ರಾಹ್ಮಣ ಸನ್ಯಾಸಿಯೊಬ್ಬನನ್ನು ಉದ್ದೇಶಿಸಿ ಕವಿತೆಯನ್ನೇ ಬರೆದಿದ್ದಾನೆ. ಕ್ರಿ.ಶ. 752ರಲ್ಲಿ ವಾಂಗ್ ತಾವೊ ಸಂಕಲಿಸಿದ ಮಹಾವೈದ್ಯಗ್ರಂಥದ ನೇತ್ರಭಾಗದಲ್ಲಿ ಭಾರತೀಯ ಮೂಲದ ವಿಚಾರಗಳಿವೆ. ಸೂಜಿಯಿಂದ ಪೊರೆ ಸರಿಸುವ ಕ್ರಮವೂ ಅಲ್ಲಿದೆ. ಚೀನೀ ನೇತ್ರಶಾಸ್ತ್ರ ತನ್ನ ಆದಿಪುರುಷನೆಂದು ಹೇಳಿಕೊಳ್ಳುವ ಲೊಂಗ್‌ಶು ಯಾರು? ‘ಲೊಂಗ್’ ಎಂದರೆ ನಾಗ, ‘ಶು’ ಎಂದರೆ ವೃಕ್ಷ. ಬೌದ್ಧಗ್ರಂಥಗಳಲ್ಲಿ ನಾಗಾರ್ಜುನನ ಹೆಸರಿಗೆ ಕೊಟ್ಟ ಚೀನೀ ಅನುವಾದವೇ ಅದು. ನಾಗಾರ್ಜುನನೇ ಆ ಗ್ರಂಥ ಬರೆದನೆಂದು ಇದರಿಂದ ಸಿದ್ಧವಾಗದು. ಆದರೆ ಕಣ್ಣಿನ ವಿದ್ಯೆಗೆ ಭಾರತದ ಹೆಸರು ಬೇಕಾಗಿತ್ತೆಂಬುದಂತೂ ಸ್ಪಷ್ಟ.

ಈಗ ಪೊಟ್ಟಣವನ್ನು ಬಿಚ್ಚಿ ನೋಡೋಣ.

ಅದರಲ್ಲಿರುವ ಒಣ ಹೂವು ಸೇವಂತಿಗೆ. ನಮ್ಮ ಹೆಣ್ಣುಮಕ್ಕಳು ಮುಡಿಯುವ, ದೇವರಿಗೆ ಏರಿಸುವ ಸೇವಂತಿಗೆಯ ಜಾತಿಯದೇ. ಅದರ ಕಷಾಯ ಗಾಳಿಯನ್ನು ಚದುರಿಸಿ ಕಣ್ಣನ್ನು ತಿಳಿಗೊಳಿಸುತ್ತದೆಂದು ಅವರ ನಂಬಿಕೆ. ಜೊತೆಗಿರುವ ಎಲೆ ಹಿಪ್ಪುನೇರಳೆಯದು. ರಾಮನಗರ, ಶಿಡ್ಲಘಟ್ಟಗಳ ಕಡೆಯವರು ಇದನ್ನು ರೇಷ್ಮೆಹುಳುವಿಗಷ್ಟೇ ಹಾಕುತ್ತಾರೆ. ಚೀನೀಯರು ಹುಳುವಿಗೂ ಹಾಕಿ ತಾವೂ ಕುಡಿಯುತ್ತಾರೆ. ಹಿಪ್ಪುನೇರಳೆ ಎಲೆ ಮತ್ತು ಸೇವಂತಿಗೆಯ ಹೆಸರು ಹೊತ್ತ ಕಷಾಯವೊಂದನ್ನು ವು ಜುತೊಂಗ್ ಎಂಬ ವೈದ್ಯನು 1798ರ ತನ್ನ ಜ್ವರಗ್ರಂಥದಲ್ಲಿ ಕೊಟ್ಟಿದ್ದಾನೆ. ಅದು ಮೂಲತಃ ಜ್ವರದ ಆರಂಭದ ಕೆಮ್ಮಿಗೆ. ಕಾಲಕ್ರಮದಲ್ಲಿ ಕಣ್ಣಿಗೂ ಬಂತು.

ಮೂರನೆಯದು ಹುರಿದ ಕಂದು ಬೀಜ. ಇದನ್ನು ಕಂಡಾಗ ದಕ್ಷಿಣ ಕನ್ನಡದವರು ನಕ್ಕಾರು, ಏಕೆಂದರೆ ಇದು ಅವರ ತಜಂಕಿನ ಬೀಜ! ಘಟ್ಟದ ಮೇಲೆ ಇದಕ್ಕೆ ತಗಚೆ ಎನ್ನುತ್ತಾರೆ. ಆಟಿ ತಿಂಗಳ ಮಳೆಯಲ್ಲಿ ದಾರಿಬದಿಯಲ್ಲೆಲ್ಲ ಎದ್ದು, ಚಿಗುರು ಪಲ್ಯವಾಗುವ ಕಳೆಗಿಡ. ಆಯುರ್ವೇದದಲ್ಲಿ ಅದು ಚಕ್ರಮರ್ದ, ಹುಳುಕಡ್ಡಿಗೆ ಔಷಧ. ಚೀನಾದಲ್ಲಿ ಅದೇ ಬೀಜದ ಹೆಸರೇ ದೃಷ್ಟಿ ತಿಳಿಗೊಳಿಸುವುದು ಎಂಬರ್ಥದ್ದು. ಒಂದೇ ಗಿಡ ಒಂದು ನಾಡಿನಲ್ಲಿ ಚರ್ಮಕ್ಕೆ, ಇನ್ನೊಂದರಲ್ಲಿ ಕಣ್ಣಿಗೆ. ಬೀಜಕ್ಕೆ ಭೇದಿ ಮಾಡಿಸುವ ಗುಣವೂ ಇದೆ. ವಯಸ್ಸಾದವರು ದಿನವೂ ಚಹಾದಂತೆ ಕುಡಿಯುವುದು ಒಳ್ಳೆಯದಲ್ಲ.

ಕೆಲವು ಪೊಟ್ಟಣಗಳಲ್ಲಿ ಹುವಾಂಗ್‌ಲಿಯಾನ್ ಎಂಬ ಹಳದಿ ಬೇರು ಇರುತ್ತದೆ. ಕಹಿ ಅಸಾಧ್ಯ. ಅದರಲ್ಲಿರುವ ಮುಖ್ಯ ದ್ರವ್ಯ ಬರ್ಬೆರಿನ್. ನಮ್ಮ ಮರದರಿಶಿನದಲ್ಲಿರುವುದೂ ಅದೇ. ಮರದರಿಶಿನದ ಕಷಾಯವನ್ನು ಹಾಲಿನೊಡನೆ ಬತ್ತಿಸಿ ಮಾಡಿದ ರಸಾಂಜನವನ್ನು ಕಣ್ಣಿಗೆ ಬಳಸುವುದು ನಮ್ಮ ವೈದ್ಯರ ಹಳೆಯ ರೂಢಿ. ಒಂದೇ ದ್ರವ್ಯವನ್ನು ಎರಡು ನಾಡುಗಳು ಎರಡು ಬೇರುಗಳಲ್ಲಿ ಕಂಡುಕೊಂಡವು. ಬರ್ಬೆರಿನ್ ಕೆಲವು ರೋಗಾಣುಗಳನ್ನು ತಡೆಯುತ್ತದೆಂಬುದು ಪ್ರಯೋಗಶಾಲೆಯಲ್ಲಿ ಕಂಡ ಸತ್ಯ. 1980ರ ದಶಕದ ಆರಂಭದಲ್ಲಿ ಭಾರತದ ವೈದ್ಯರು ಅದರ ಹನಿಗಳನ್ನು ಟ್ರಕೋಮಾ ರೋಗಿಗಳಲ್ಲಿ ಪರೀಕ್ಷಿಸಿದ್ದೂ ಉಂಟು. ಹಾಗೆಂದು ಅಡುಗೆಮನೆಯಲ್ಲಿ ಬೇರು ಕುದಿಸಿ ಕಣ್ಣಿಗೆ ಬಿಡಬಾರದು. ಔಷಧಾಲಯದ ಹನಿ ಕ್ರಿಮಿರಹಿತ. ನಮ್ಮ ಪಾತ್ರೆಯದು ಅಲ್ಲ. ಎದೆಹಾಲು, ಹರಳೆಣ್ಣೆಗಳಿಗೂ ಇದೇ ಮಾತು ಸಲ್ಲುತ್ತದೆ. ಮುಚ್ಚಿದ ರೆಪ್ಪೆಯ ಮೇಲೆ ನಂದಿಬಟ್ಟಲ ಹೂವನ್ನಿಟ್ಟು ಮಲಗುವವರನ್ನು ಮಾತ್ರ ನಾನು ತಡೆಯಲಾರೆ.

ಈ ಔಷಧಿಗಳಿಂದ ಗುಣವಾಗುವುದೇ? ವೈರಸ್ಸಿನಿಂದ ಬಂದ ಕಣ್ಣುಬೇನೆ ಒಂದೆರಡು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಸೇವಂತಿಗೆ ಕುಡಿದವರಿಗೂ ಹೋಗುತ್ತದೆ, ಕುಡಿಯದವರಿಗೂ ಹೋಗುತ್ತದೆ. ಕೀರ್ತಿ ಮಾತ್ರ ಸೇವಂತಿಗೆಗೆ. ಕಣ್ಣಿನ ಶುಷ್ಕತೆಗೆ ಸೂಜಿಚಿಕಿತ್ಸೆಯಿಂದ ಕೆಲವರಿಗೆ ಹಾಯೆನಿಸುವುದುಂಟಾದರೂ ಅದರ ಪರವಾದ ಸಾಕ್ಷ್ಯ ಬಲವಾಗಿಲ್ಲ. ಕಣ್ಣಿನ ಗುಳಿಯ ಹತ್ತಿರ ಸೂಜಿ ಚುಚ್ಚುವಾಗ ಕಣ್ಣುಗುಡ್ಡೆಗೆ ಗಾಯವಾದ ಪ್ರಕರಣಗಳು ವರದಿಯಾಗಿವೆ. ಆದಕಾರಣ ಕೈಕಾಲುಗಳ ಬಿಂದುಗಳಿಗೆ ಒಪ್ಪಿ, ಕಣ್ಣಿನ ಬಳಿಯವನ್ನು ಬೇಡವೆನ್ನುವುದು ಜಾಣತನ.

ಸೌಮ್ಯವಲ್ಲದ ಮದ್ದುಗಳೂ ಇವೆ. ಯಕೃತ್ತಿನ ಬೆಂಕಿಗೆ ಕೊಡುವ ಒಂದು ಪ್ರಸಿದ್ಧ ಕಷಾಯದಲ್ಲಿ ‘ಮುತೊಂಗ್’ ಎಂಬ ಬಳ್ಳಿ ಸೇರಬೇಕು. ಅದರ ಬದಲಿಗೆ ಅರಿಸ್ಟೊಲೋಕಿಯಾ ಜಾತಿಯ ಬಳ್ಳಿಯೊಂದನ್ನು ಬಹುಕಾಲ ಬಳಸಲಾಯಿತು. ಆ ಜಾತಿಯ ಗಿಡಗಳಲ್ಲಿರುವ ಆಮ್ಲ ಮೂತ್ರಪಿಂಡಗಳನ್ನು ಶಾಶ್ವತವಾಗಿ ಕೆಡಿಸುತ್ತದೆ, ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಮ್ಮಿನಲ್ಲಿ, ತೂಕ ಇಳಿಸಲು ಇದೇ ಜಾತಿಯ ಮತ್ತೊಂದು ಮೂಲಿಕೆ ಸೇವಿಸಿದ ಹೆಂಗಸರ ಮೂತ್ರಪಿಂಡಗಳು ಹಾಳಾದಾಗ ಜಗತ್ತು ಎಚ್ಚೆತ್ತಿತು. ಚೀನಾ ಸರ್ಕಾರವೇ 2003ರಲ್ಲಿ ಬದಲಿ ಬಳ್ಳಿಯನ್ನು ಔಷಧಪಟ್ಟಿಯಿಂದ ತೆಗೆದುಹಾಕಿತು. ಕಣ್ಣಿನ ಕೆಂಪಿಗೆ ಮದ್ದು ಕುಡಿದು ಡಯಾಲಿಸಿಸ್ಸಿಗೆ ಹೋಗುವ ಸ್ಥಿತಿ ಯಾರಿಗೂ ಬೇಡ. ಹೆಸರಿಲ್ಲದ, ತಯಾರಕರ ವಿಳಾಸವಿಲ್ಲದ ಗುಳಿಗೆಗಳನ್ನು ಮುಟ್ಟಬೇಡಿರಿ. ಊರಿನಿಂದ ಬಂದ ಹಿರಿಯರು ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಅವರಿಗೆ ಗೋಜಿ ಹಣ್ಣಿನ ಕಷಾಯವನ್ನೂ ಕೊಡಬೇಡಿರಿ. ಅದು ವಾರ್ಫರಿನ್ನಿನ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವ ತಂದೀತು.

ನನ್ನ ಮುಖ್ಯ ಆತಂಕ ಬೇರೆಯದು. ಚೀನೀ ಗ್ರಂಥಗಳು “ಹಸಿರು ಗಾಳಿ” ಎಂಬ ರೋಗವನ್ನು ವರ್ಣಿಸುತ್ತವೆ: ಕಣ್ಣು ಕೆಂಪಾಗಿ, ಪಾಪೆ ಹಿಗ್ಗಿ ಹಸಿರು ಛಾಯೆ ತಾಳಿ, ತಲೆ ಒಡೆದುಹೋಗುವಂತೆ ನೋಯುತ್ತದೆ, ವಾಂತಿಯಾಗುತ್ತದೆ. ಇದೇ ಇಂದಿನ ತೀವ್ರ ಗ್ಲಾಕೋಮಾ. ಕಣ್ಣಿನೊಳಗಿನ ದ್ರವ ಹರಿದುಹೋಗುವ ಕೋನ ಮುಚ್ಚಿ, ಒತ್ತಡ ಏರಿ, ಕೆಲವು ಗಂಟೆಗಳಿಂದ ದಿನಗಳೊಳಗೆ ದೃಷ್ಟಿ ಹೋಗಬಹುದು. ಐರೋಪ್ಯರಿಗಿಂತ ಏಷ್ಯಾದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ವಯಸ್ಸಾದಂತೆ ಇದು ಹೆಚ್ಚು. ಅಂದರೆ ನಮ್ಮ ಮನೆಗೆ ಬಂದಿರುವ ಅಮ್ಮ, ಅತ್ತೆ ಇವರೇ ಇದರ ಗುರಿ. ತಲೆನೋವು, ವಾಂತಿ ಎಂದಾಗ ಅವರೇ ಅದನ್ನು ಪಿತ್ತವೆಂದುಕೊಂಡು ಮಲಗಿಬಿಡುತ್ತಾರೆ. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆಂದರೂ ಯಾರೂ ಗಮನಿಸುವುದಿಲ್ಲ. ಯಕೃತ್ತಿನ ಬೆಂಕಿಯೆಂದು ಕಷಾಯ ಕೊಟ್ಟು ಎರಡು ದಿನ ಕಾದರೆ ಆ ಕಣ್ಣು ಮತ್ತೆ ಬಾರದು. ಹಳೆಯ ಚೀನೀ ವೈದ್ಯರಿಗೆ ರೋಗ ಗೊತ್ತಿತ್ತು, ಲೇಸರ್ ಗೊತ್ತಿರಲಿಲ್ಲ.

ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರ ಕೆಂಗಣ್ಣೂ ಇದೇ ಸಾಲಿಗೆ ಸೇರಬೇಕು. ಲೆನ್ಸನ್ನು ನಲ್ಲಿನೀರಿನಲ್ಲಿ ತೊಳೆದರೆ ಕಾರ್ನಿಯಾಕ್ಕೆ ಹುಣ್ಣು ತರುವ ಅಮೀಬಾ ಸೇರಬಹುದು. ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು, ತೀವ್ರ ನೋವು, ಪಾಪೆಯ ಆಕಾರ ಕೆಡುವುದು, ಕಣ್ಣಿಗೆ ಪೆಟ್ಟು ಅಥವಾ ರಾಸಾಯನಿಕ ಬೀಳುವುದು, ಹಸುಗೂಸಿನ ಕಣ್ಣು ಗೀಜಿನಿಂದ ಅಂಟಿಕೊಳ್ಳುವುದು ಇವು ಯಾವುವೂ ಪೊಟ್ಟಣಕ್ಕೆ ಸೇರಿದವಲ್ಲ. ರಾಸಾಯನಿಕ ಬಿದ್ದರೆ ಮೊದಲು ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು, ಫೋನು ಆಮೇಲೆ. ಮನೆಯಲ್ಲಿ ಉಳಿದಿರುವ ಸ್ಟಿರಾಯ್ಡ್ ಹನಿಯನ್ನು ಯಾರೂ ಸ್ವಂತ ಬುದ್ಧಿಯಿಂದ ಹಾಕಿಕೊಳ್ಳಬಾರದು. ಹರ್ಪಿಸ್ ವೈರಸ್ಸಿನ ಹುಣ್ಣಿದ್ದರೆ ಅದು ಬೆಂಕಿಗೆ ತುಪ್ಪ ಹೊಯ್ದಂತೆ.

ಚೀನೀ ಚಿಕಿತ್ಸೆಯನ್ನೇ ಬಯಸುವವರಿಗೆ ಒಂದು ಮಾಹಿತಿ. ಈ ದೇಶದಲ್ಲಿ 2021ರಿಂದ ಅದು ಕಾನೂನಿನ ನಿಯಂತ್ರಣಕ್ಕೊಳಪಟ್ಟ ವೃತ್ತಿ. ಚೈನೀಸ್ ಮೆಡಿಸಿನ್ ಕೌನ್ಸಿಲ್ ಎಂಬ ಮಂಡಳಿಯ ಪಟ್ಟಿಯಲ್ಲಿ ಹೆಸರಿದ್ದವರೇ ವೈದ್ಯರು. ನೋಂದಣಿಯನ್ನು ಕೇಳಿ ನೋಡಲು ಸಂಕೋಚಪಡಬೇಡಿರಿ. ಸೌಮ್ಯವಾದ ಕೆಂಗಣ್ಣಿಗೆ ಹತ್ತಿರದ ಔಷಧಾಲಯದವರು ಅಥವಾ ಆಪ್ಟೊಮೆಟ್ರಿಸ್ಟ್ ಸಲಹೆ ಸಾಕಾಗುವುದುಂಟು. ಸಂದೇಹವಿದ್ದರೆ ಹಗಲು ರಾತ್ರಿಯೆನ್ನದೆ ಹೆಲ್ತ್‌ಲೈನಿಗೆ, 0800 611 116 ಸಂಖ್ಯೆಗೆ, ಉಚಿತವಾಗಿ ಕರೆ ಮಾಡಬಹುದು. ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಕೆನೆಪುರು ಆಸ್ಪತ್ರೆ ನಿಮ್ಮ ಊರಲ್ಲೇ ಇದೆ. ಕಣ್ಣಿನ ತಜ್ಞರ ವಿಭಾಗ ಇರುವುದು ನ್ಯೂಟೌನಿನಲ್ಲಿರುವ ವೆಲ್ಲಿಂಗ್ಟನ್ ಆಸ್ಪತ್ರೆಯಲ್ಲಿ. ಹಿರಿಯರನ್ನು ಕರೆಸಿಕೊಳ್ಳುವಾಗ ಪ್ರಯಾಣದ ವಿಮೆಯನ್ನು ವಿಮಾನದ ಟಿಕೆಟಿನೊಂದಿಗೇ ಮಾಡಿಸಿರಿ, ಮತ್ತು ಆ ವಿಮೆ ಇದೆಯೆಂದು ಅವರಿಗೂ ತಿಳಿಸಿರಿ.