ಕಪ್ಪು ಶಕ್ತಿಯ ಶೋಧ: ಪ್ರಯೋಗದ ಸಾಮರ್ಥ್ಯ ಅಳೆಯುವುದು ಹೇಗೆ?

ವಿಶ್ವ ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಹೆಚ್ಚುತ್ತಿದೆ. ದೂರದ ಸೂಪರ್‌ನೋವಾಗಳನ್ನು ಅಧ್ಯಯನ ಮಾಡಿದ ಎರಡು ತಂಡಗಳು 1998ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದವು. ಈ ಶೋಧಕ್ಕಾಗಿ ಸಾಲ್ ಪರ್ಲ್‌ಮಟರ್, ಬ್ರಯನ್ ಶ್ಮಿಟ್ ಮತ್ತು ಆಡಂ ರೀಸ್ ಅವರಿಗೆ 2011ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿ ಸಂದಿತು. ವೇಗ ಹೆಚ್ಚಿಸುತ್ತಿರುವ ಅಜ್ಞಾತ ಕಾರಣಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಡಾರ್ಕ್ ಎನರ್ಜಿ, ಅಂದರೆ ಕಪ್ಪು ಶಕ್ತಿ. ವಿಶ್ವದ ಒಟ್ಟು ದ್ರವ್ಯ ಮತ್ತು ಶಕ್ತಿಯಲ್ಲಿ ಇದರ ಪಾಲು ಸುಮಾರು ಶೇ 68.

ಇದರ ಸ್ವರೂಪವನ್ನು ಅರಿಯಲು ದೂರದರ್ಶಕ ಹಾಗೂ ಉಪಗ್ರಹಗಳ ದುಬಾರಿ ಪ್ರಸ್ತಾವಗಳು ಸಾಲುಗಟ್ಟಿದವು. ಯಾವುದಕ್ಕೆ ಹಣ ನೀಡಬೇಕು? ಅಮೆರಿಕದ ಇಂಧನ ಇಲಾಖೆ, ನಾಸಾ ಮತ್ತು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಗಳಿಗೆ ಸಲಹೆ ನೀಡಲು ರಚನೆಯಾದ ಕಾರ್ಯಪಡೆಯೊಂದು 2006ರಲ್ಲಿ ಇದಕ್ಕೊಂದು ಅಳತೆಗೋಲನ್ನು ಸೂಚಿಸಿತು. ಅದೇ 'ಫಿಗರ್ ಆಫ್ ಮೆರಿಟ್'. ಕನ್ನಡದಲ್ಲಿ ಅರ್ಹತಾಂಕ ಎನ್ನಬಹುದು.

ಲೆಕ್ಕಾಚಾರ ಹೇಗೆ?

ಕಪ್ಪು ಶಕ್ತಿಯ ಒತ್ತಡಕ್ಕೂ ಸಾಂದ್ರತೆಗೂ ಇರುವ ಅನುಪಾತವನ್ನು 'ಡಬ್ಲ್ಯೂ' ಎಂದು ಗುರುತಿಸಲಾಗುತ್ತದೆ. ಐನ್‌ಸ್ಟೈನ್ 1917ರಲ್ಲಿ ತಮ್ಮ ಸಮೀಕರಣಕ್ಕೆ ಸೇರಿಸಿದ್ದ ಸ್ಥಿರಾಂಕವೇ ಕಪ್ಪು ಶಕ್ತಿಯಾಗಿದ್ದರೆ ಡಬ್ಲ್ಯೂ ಬೆಲೆ ಎಂದೆಂದಿಗೂ -1. ಹಾಗಲ್ಲದಿದ್ದರೆ ಅದು ಕಾಲಕ್ರಮದಲ್ಲಿ ಬದಲಾಗಬಹುದು. ಆದ್ದರಿಂದ ಎರಡು ಸಂಖ್ಯೆಗಳು ಬೇಕು: ಡಬ್ಲ್ಯೂವಿನ ಇಂದಿನ ಬೆಲೆ ಮತ್ತು ಅದು ಬದಲಾಗುವ ಪ್ರಮಾಣ.

ಈ ಎರಡನ್ನು ಗ್ರಾಫ್ ಹಾಳೆಯ ಎರಡು ಅಕ್ಷಗಳಲ್ಲಿ ಗುರುತಿಸಿದರೆ, ಪ್ರಯೋಗ ನೀಡುವ ಉತ್ತರ ಒಂದು ಬಿಂದುವಾಗಿರದೆ ದೀರ್ಘವೃತ್ತವಾಗಿರುತ್ತದೆ. ನಿಜವಾದ ಬೆಲೆ ಶೇ 95ರಷ್ಟು ಖಚಿತತೆಯೊಂದಿಗೆ ಅದರೊಳಗಿದೆ ಎಂದರ್ಥ. ದೀರ್ಘವೃತ್ತದ ವಿಸ್ತೀರ್ಣ ಕುಗ್ಗಿದಷ್ಟೂ ಅನಿಶ್ಚಿತತೆ ಕಡಿಮೆ. 1ನ್ನು ಆ ವಿಸ್ತೀರ್ಣದಿಂದ ಭಾಗಿಸಿದರೆ ದೊರೆಯುವುದೇ ಅರ್ಹತಾಂಕ.

ಆಗ ನಡೆಯುತ್ತಿದ್ದ ಯೋಜನೆಗಳಿಂದ ನಿರೀಕ್ಷಿಸಿದ್ದಕ್ಕಿಂತ ಮಧ್ಯಮ ಯೋಜನೆಗಳು ಕನಿಷ್ಠ 3 ಪಟ್ಟು, ಬೃಹತ್ ಯೋಜನೆಗಳು ಕನಿಷ್ಠ 10 ಪಟ್ಟು ಹೆಚ್ಚಿನ ಅರ್ಹತಾಂಕ ಗಳಿಸಬೇಕೆಂದು ಕಾರ್ಯಪಡೆ ಗುರಿ ನಿಗದಿಪಡಿಸಿತು. ಸೂಪರ್‌ನೋವಾ, ಗೆಲಾಕ್ಸಿಗಳ ಹಂಚಿಕೆಯ ವಿನ್ಯಾಸ, ಗೆಲಾಕ್ಸಿ ಗುಚ್ಛಗಳು ಹಾಗೂ ಗುರುತ್ವದಿಂದ ಬೆಳಕು ಬಾಗುವಿಕೆ ಎಂಬ ನಾಲ್ಕು ವಿಧಾನಗಳನ್ನು ಅದು ತೂಗಿ ನೋಡಿತು. ಯಾವುದೇ ಒಂದು ವಿಧಾನವನ್ನು ನೆಚ್ಚದೆ ಹಲವನ್ನು ಜೋಡಿಸಬೇಕೆಂಬುದು ಅದರ ಶಿಫಾರಸು.

ಮಿತಿಗಳೇನು?

ಅರ್ಹತಾಂಕ ತಿಳಿಸುವುದು ದೀರ್ಘವೃತ್ತ ಎಷ್ಟು ಚಿಕ್ಕದೆಂಬುದನ್ನು ಮಾತ್ರ. ಅದು ಸರಿಯಾದ ಜಾಗದಲ್ಲಿದೆಯೇ ಎಂಬುದನ್ನಲ್ಲ. ಪ್ರತಿ ಸಲವೂ 50 ಗ್ರಾಂ ಹೆಚ್ಚು ತೋರಿಸುವ ತಕ್ಕಡಿ ಎಷ್ಟು ಬಾರಿ ತೂಗಿದರೂ ಒಂದೇ ಉತ್ತರ ನೀಡುತ್ತದೆ. ಆದರೆ ಆ ಉತ್ತರವೇ ತಪ್ಪು. ಉಪಕರಣಗಳ ಇಂತಹ ವ್ಯವಸ್ಥಿತ ದೋಷಗಳನ್ನು ಮುಂಚಿತವಾಗಿ ಅಂದಾಜಿಸುವುದು ಕಷ್ಟ. ಅಲ್ಲದೆ, ಕಪ್ಪು ಶಕ್ತಿಯ ವರ್ತನೆ ಎರಡೇ ಸಂಖ್ಯೆಗಳಿಗೆ ಒಗ್ಗಬೇಕೆಂಬ ನಿಯಮವೂ ಇಲ್ಲ. ಈ ಕಾರಣದಿಂದ 2009ರಲ್ಲಿ ಮತ್ತೊಂದು ತಜ್ಞರ ತಂಡ ವಿಶ್ವದ ಇತಿಹಾಸವನ್ನು 36 ಭಾಗಗಳನ್ನಾಗಿ ವಿಂಗಡಿಸಿ, ಪ್ರತಿ ಭಾಗದಲ್ಲೂ ಡಬ್ಲ್ಯೂ ಅಳೆಯುವ ವಿಧಾನವನ್ನು ಸೂಚಿಸಿತು.

ಈ ಚರ್ಚೆ ಈಗ ಮಹತ್ವ ಪಡೆದಿದೆ. ಅಮೆರಿಕದ ಅರಿಜೋನಾದಲ್ಲಿರುವ 'ಡೆಸಿ' ಉಪಕರಣ 1.4 ಕೋಟಿಗೂ ಹೆಚ್ಚು ಗೆಲಾಕ್ಸಿ ಮತ್ತು ಕ್ವೇಸಾರ್‌ಗಳ ಮಾಹಿತಿ ಆಧರಿಸಿ 2025ರ ಮಾರ್ಚ್‌ನಲ್ಲಿ ಫಲಿತಾಂಶ ಪ್ರಕಟಿಸಿತು. ಇತರ ವೀಕ್ಷಣೆಗಳೊಂದಿಗೆ ಜೋಡಿಸಿದಾಗ, ಕಪ್ಪು ಶಕ್ತಿ ಕಾಲಕ್ರಮದಲ್ಲಿ ಬದಲಾಗುತ್ತಿದೆ ಎಂಬ ಸುಳಿವು ದೊರೆಯಿತು. ಆದರೆ ಯಾವ ಸೂಪರ್‌ನೋವಾ ಪಟ್ಟಿಯನ್ನು ಜೋಡಿಸಲಾಯಿತು ಎಂಬುದರ ಮೇಲೆ ಸುಳಿವಿನ ಬಲ 2.8ರಿಂದ 4.2 ಸಿಗ್ಮಾವರೆಗೆ ಬದಲಾಯಿತು. ಶೋಧವೆಂದು ಘೋಷಿಸಲು ಸಾಮಾನ್ಯವಾಗಿ 5 ಸಿಗ್ಮಾ ಅಗತ್ಯ.

2023ರಲ್ಲಿ ಉಡಾವಣೆಗೊಂಡ ಯುರೋಪಿನ ಯೂಕ್ಲಿಡ್ ಮತ್ತು ಚಿಲಿಯ ರೂಬಿನ್ ವೀಕ್ಷಣಾಲಯಗಳಿಂದ ದೀರ್ಘವೃತ್ತ ಇನ್ನಷ್ಟು ಕುಗ್ಗುವ ನಿರೀಕ್ಷೆಯಿದೆ. ಕುಗ್ಗಿದ ದೀರ್ಘವೃತ್ತದೊಳಗೆ -1ಕ್ಕೆ ಸ್ಥಾನ ಉಳಿಯುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. ಉಳಿಯದಿದ್ದರೆ, ಮತ್ತು ಬೇರೆ ಬೇರೆ ವಿಧಾನಗಳು ಅದನ್ನೇ ಹೇಳಿದರೆ, ವಿಶ್ವದ ಭವಿಷ್ಯದ ಕುರಿತ ಈವರೆಗಿನ ಲೆಕ್ಕವನ್ನು ಹೊಸದಾಗಿ ಬರೆಯಬೇಕಾಗುತ್ತದೆ.